ಬಿರುಗಾಳಿ ಉಳಿಸಿದ್ದ ದಾರಿಯನ್ನು ಸೂರ್ಯ ಮುಚ್ಚಿದಾಗ: 2017ರ ಇರ್ಮಾ ಮತ್ತು ಶಾರ್ಟ್‌ವೇವ್ ರೇಡಿಯೊ

2017ರ ಸೆಪ್ಟೆಂಬರ್ 6. ಕೆರಿಬಿಯನ್ ಸಮುದ್ರದ ಈಶಾನ್ಯ ಅಂಚಿನ ಪುಟ್ಟ ದ್ವೀಪಗಳ ಮೇಲೆ ಇರ್ಮಾ ಎಂಬ ಚಂಡಮಾರುತ ಎರಗಿತು. ಅದು ಐದನೇ ವರ್ಗದ ಬಿರುಗಾಳಿ; ಆ ಪಟ್ಟಿಯಲ್ಲಿ ಆರನೇ ವರ್ಗ ಇಲ್ಲವೇ ಇಲ್ಲ. ಗಾಳಿಯ ವೇಗ ಗಂಟೆಗೆ 285 ಕಿಲೋಮೀಟರ್ ಆಸುಪಾಸು. ಮೊದಲು ಬಾರ್ಬುಡಾ, ಆಮೇಲೆ ಸೇಂಟ್ ಮಾರ್ಟಿನ್, ಮಧ್ಯಾಹ್ನದ ಹೊತ್ತಿಗೆ ಬ್ರಿಟಿಷ್ ವರ್ಜಿನ್ ದ್ವೀಪಗಳು. ಕರೆಂಟ್ ಹೋಯಿತು, ಮೊಬೈಲ್ ಟವರ್‌ಗಳು ಬಿದ್ದವು. ಇಂಥ ಹೊತ್ತಿಗೆ ಬೇಕಾಗುತ್ತದೆ ಅಂತಲೇ ಕಾಪಾಡಿಕೊಂಡು ಬಂದಿರುವ ಒಂದು ದಾರಿ ಇದೆ, ಶಾರ್ಟ್‌ವೇವ್ ರೇಡಿಯೊ. ಅದಕ್ಕೆ ಟವರ್ ಬೇಡ, ಕೇಬಲ್ ಬೇಡ, ಉಪಗ್ರಹವೂ ಬೇಡ. ಒಂದು ಕಾರ್ ಬ್ಯಾಟರಿ, ಒಂದು ರೇಡಿಯೊ ಸೆಟ್, ಎರಡು ಮರಗಳ ನಡುವೆ ಕಟ್ಟಿದ ತಂತಿ ಇದ್ದರೆ ಸಾವಿರಾರು ಕಿಲೋಮೀಟರ್ ಆಚೆಗೆ ಮಾತು ಮುಟ್ಟುತ್ತದೆ.

ಅದೇ ದಿನ ಬೆಳಗ್ಗೆ ಸೂರ್ಯನ ಮೇಲೆ ಭಾರಿ ಜ್ವಾಲೆಯೊಂದು ಸಿಡಿಯಿತು. 2005ರ ನಂತರ ಅಷ್ಟು ದೊಡ್ಡದು ಕಂಡಿರಲಿಲ್ಲ. ಭೂಮಿಯ ಹಗಲಿನ ಭಾಗದಲ್ಲಿ ಶಾರ್ಟ್‌ವೇವ್ ಬ್ಯಾಂಡ್‌ಗಳು ಮಂಕಾದವು, ಕೆಲವು ಪೂರ್ತಿ ಸತ್ತವು.

ಇದನ್ನು ಬಹಳಷ್ಟು ಕಡೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: ಚಂಡಮಾರುತದ ದಿನವೇ ಸೂರ್ಯನೂ ಕೈಕೊಟ್ಟ, ಸಂತ್ರಸ್ತರ ಸಂಪರ್ಕ ಕಡಿದುಹೋಯಿತು. ಓದಲು ರೋಚಕವಾಗಿದೆ. ಆದರೆ ಯಾವ ದ್ವೀಪಕ್ಕೆ ಗಾಳಿ ಎಷ್ಟು ಗಂಟೆಗೆ ಬಡಿಯಿತು, ಆಗ ಅಲ್ಲಿ ಸೂರ್ಯ ಎಲ್ಲಿದ್ದ, ಯಾರು ಯಾವ ಆವರ್ತನದಲ್ಲಿ ಮಾತಾಡುತ್ತಿದ್ದರು ಎಂದು ಒಂದೊಂದಾಗಿ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಕೆಲವು ಕಡೆ ಸೂರ್ಯನ ಪಾತ್ರ ಏನೂ ಇಲ್ಲ. ಕೆಲವು ಕಡೆ ಜನ ಅಂದುಕೊಂಡಿದ್ದಕ್ಕಿಂತ ಜಾಸ್ತಿ.

ಮಳೆಗೆ ಹೆದರದ ಅಲೆ

ಮೊದಲು ಬಿರುಗಾಳಿ ಏನು ಮಾಡಿತು, ಏನು ಮಾಡಲಿಲ್ಲ ಎಂದು ನೋಡೋಣ.

ನಮ್ಮ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಆಷಾಢದ ಮಳೆ ಜೋರಾದರೆ ಟಿವಿ ಪರದೆ ಮೇಲೆ 'ಸಿಗ್ನಲ್ ಇಲ್ಲ' ಅಂತ ಬರುವುದು ಎಲ್ಲರಿಗೂ ಗೊತ್ತು. ಮಳೆ ಸ್ವಲ್ಪ ಹಿಡಿತ ಬಿಟ್ಟ ಕೂಡಲೇ ಚಿತ್ರ ತಾನಾಗಿ ಬರುತ್ತದೆ. ಡಿಟಿಎಚ್ ಡಿಶ್‌ಗೆ ಬರುವ ಅಲೆಯ ಆವರ್ತನ 11ರಿಂದ 12 ಗಿಗಾಹರ್ಟ್ಸ್ ಆಸುಪಾಸು. ಅಲೆಯುದ್ದ ಎರಡೂವರೆ ಸೆಂಟಿಮೀಟರ್. ಮಳೆಹನಿ ಕೆಲವು ಮಿಲಿಮೀಟರ್ ದಪ್ಪ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯ ವಸ್ತುಗಳಾದ್ದರಿಂದ ಹನಿ ಅಲೆಯನ್ನು ಹೀರುತ್ತದೆ, ಚದುರಿಸುತ್ತದೆ. ಗಂಟೆಗೆ 50 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಸುರಿಯುತ್ತಿದ್ದರೆ 12 ಗಿಗಾಹರ್ಟ್ಸ್‌ನಲ್ಲಿ ಪ್ರತಿ ಕಿಲೋಮೀಟರಿಗೆ ಸುಮಾರು 2.4 ಡೆಸಿಬೆಲ್ ನಷ್ಟ. ಮಳೆಯೊಳಗಿನ ದಾರಿ 5 ಕಿಲೋಮೀಟರ್ ಇದ್ದರೆ 12 ಡೆಸಿಬೆಲ್. ಅಂದರೆ ಬರಬೇಕಾದ ಶಕ್ತಿಯಲ್ಲಿ ಹದಿನಾರನೇ ಒಂದು ಪಾಲು ಮಾತ್ರ ಡಿಶ್ ಮುಟ್ಟುತ್ತದೆ.

ಶಾರ್ಟ್‌ವೇವ್ ವಿಚಾರ ಬೇರೆ. ಹ್ಯಾಮ್ ರೇಡಿಯೊದವರು, ಅಂದರೆ ಹವ್ಯಾಸಕ್ಕೆ ಸ್ವಂತ ರೇಡಿಯೊ ಸ್ಟೇಷನ್ ನಡೆಸುವವರು, ಹಗಲಲ್ಲಿ ಬಹಳ ಬಳಸುವ 14 ಮೆಗಾಹರ್ಟ್ಸ್ ಬ್ಯಾಂಡಿನ ಅಲೆಯುದ್ದ ಸುಮಾರು 21 ಮೀಟರ್. ಅಷ್ಟು ಉದ್ದದ ಅಲೆಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಮೋಡ, ಗಾಳಿ, ಆರ್ದ್ರತೆ, ಯಾವುದೂ ಅದನ್ನು ತಡೆಯುವುದಿಲ್ಲ. ಸುತ್ತಮುತ್ತ ಮಿಂಚು ಹೊಡೆಯುತ್ತಿದ್ದರೆ ಸ್ಪೀಕರಿನಲ್ಲಿ ಚಟಚಟ ಸದ್ದು ಬರುತ್ತದೆ, ಮಾತು ಕೇಳಲು ಕಷ್ಟವಾಗುತ್ತದೆ, ಅಷ್ಟೇ. ಬಿರುಗಾಳಿ ಶಾರ್ಟ್‌ವೇವನ್ನು ಕೆಡಿಸುವುದು ಆಂಟೆನಾ ಕಿತ್ತುಹಾಕಿ, ಬ್ಯಾಟರಿ ನೆನೆಸಿ, ಕೆಲವೊಮ್ಮೆ ಅದನ್ನು ನಡೆಸುವ ಮನುಷ್ಯನ ಮನೆಯ ಚಾವಣಿಯನ್ನೇ ಹಾರಿಸಿ. ಗಾಳಿ ನಿಂತ ಮೇಲೆ ಯಾರಾದರೂ ಒಂದು ತಂತಿ ಎಳೆದು ಕಟ್ಟಿದರೆ ಸಾಕು, ಮತ್ತೆ ಮಾತು ಶುರು.

ಅಮೆರಿಕದ ಹ್ಯಾಮ್‌ಗಳು ಇದೇ ನಂಬಿಕೆಯ ಮೇಲೆ 'ಹರಿಕೇನ್ ವಾಚ್ ನೆಟ್' ಎಂಬ ಕೂಟ ನಡೆಸುತ್ತಾರೆ. 1965ರಲ್ಲಿ ಬೆಟ್ಸಿ ಚಂಡಮಾರುತದ ಹೊತ್ತಿಗೆ ಶುರುವಾದದ್ದು. ಹಗಲು 14.325 ಮೆಗಾಹರ್ಟ್ಸ್, ರಾತ್ರಿ 7.268. ದ್ವೀಪಗಳಲ್ಲಿರುವ ಹ್ಯಾಮ್‌ಗಳು ತಮ್ಮಲ್ಲಿ ಗಾಳಿ ಎಷ್ಟಿದೆ, ಒತ್ತಡ ಎಷ್ಟಿಳಿದಿದೆ ಎಂದು ಹೇಳುತ್ತಾರೆ. ಅದು ಮಯಾಮಿಯ ರಾಷ್ಟ್ರೀಯ ಚಂಡಮಾರುತ ಕೇಂದ್ರಕ್ಕೆ ಹೋಗುತ್ತದೆ. ಆ ಕೇಂದ್ರದೊಳಗೇ ಒಂದು ಹ್ಯಾಮ್ ಸ್ಟೇಷನ್ ಇದೆ. ನಮ್ಮಲ್ಲೂ ಇದಕ್ಕೆ ಉದಾಹರಣೆ ಉಂಟು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಹವ್ಯಾಸಕ್ಕೆಂದು ಪೋರ್ಟ್‌ಬ್ಲೇರಿಗೆ ಹೋಗಿತ್ತು. ಅಂಡಮಾನಿನಿಂದ ಹೊರಗೆ ಸುದ್ದಿ ಮುಟ್ಟಿಸುವ ಕೆಲಸ ಆ ತಂಡದ ಹೆಗಲಿಗೆ ಬಿತ್ತು.

ಎಪ್ಪತ್ತು ಕಿಲೋಮೀಟರ್ ಮೇಲೆ

ಶಾರ್ಟ್‌ವೇವ್ ದೂರ ಹೋಗುವುದು ಹೇಗೆ? ನೆಲದಿಂದ 250–400 ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳದ ಎಫ್ ಪದರ ಇದೆ. ಸೂರ್ಯನ ಅತಿನೇರಳೆ ಕಿರಣಗಳು ಅಲ್ಲಿನ ಅಣು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಟ್ಟಿರುತ್ತವೆ. ನೆಲದಿಂದ ಓರೆಯಾಗಿ ಹೋದ ಅಲೆ ಆ ಎಲೆಕ್ಟ್ರಾನುಗಳ ನಡುವೆ ಬಾಗಿ ಮತ್ತೆ ಕೆಳಗಿಳಿಯುತ್ತದೆ. ಒಂದು ಜಿಗಿತಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಸುಲಭ.

ಆದರೆ ಎಫ್ ಪದರ ಮುಟ್ಟುವ ಮೊದಲು ಅಲೆ ಡಿ ಪದರವನ್ನು ದಾಟಬೇಕು. ಇಳಿಯುವಾಗ ಇನ್ನೊಮ್ಮೆ. ಡಿ ಪದರ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿದೆ. ಅಷ್ಟು ಕೆಳಗೆ ಗಾಳಿಯ ಅಣುಗಳು ಎಷ್ಟೋ ಪಟ್ಟು ದಟ್ಟ. ಅಲೆ ಬಂದಾಗ ಎಲೆಕ್ಟ್ರಾನು ಅದರ ತಾಳಕ್ಕೆ ಅಲುಗಾಡಲು ಶುರುಮಾಡುತ್ತದೆ. ಎಫ್ ಪದರದಲ್ಲಾದರೆ ಸುತ್ತ ಜಾಗವೋ ಜಾಗ. ಹಾಗಾಗಿ ಪಡೆದ ಶಕ್ತಿಯನ್ನು ಹೆಚ್ಚುಕಡಿಮೆ ಹಾಗೇ ಅಲೆಗೆ ಹಿಂದಿರುಗಿಸುತ್ತದೆ. ಡಿ ಪದರದಲ್ಲಿ ಅದರ ಪಾಡು ಜಾತ್ರೆಯ ನೂಕುನುಗ್ಗಲಲ್ಲಿ ಕುಣಿಯಲು ಹೋದವನ ಪಾಡು. ಒಂದು ಹೆಜ್ಜೆ ಹಾಕುವಷ್ಟರಲ್ಲಿ ಯಾರಿಗೋ ಡಿಕ್ಕಿ. ಪ್ರತಿ ಡಿಕ್ಕಿಗೂ ಅಲೆಯ ಶಕ್ತಿ ಸ್ವಲ್ಪ ಸ್ವಲ್ಪ ಬಿಸಿಯಾಗಿ ಹೋಗುತ್ತದೆ.

ಕತ್ತಲಾದ ಮೇಲೆ ಡಿ ಪದರದ ಎಲೆಕ್ಟ್ರಾನುಗಳು ಬೇಗ ಮರಳಿ ಅಂಟಿಕೊಂಡು ಪದರವೇ ಹೆಚ್ಚುಕಡಿಮೆ ಮಾಯವಾಗುತ್ತದೆ. ಹಿಂದೆ ಟ್ರಾನ್ಸಿಸ್ಟರ್ ಹಿಡಿದು ಕೂತವರಿಗೆ ಇದು ಅನುಭವಕ್ಕೆ ಬಂದಿರುತ್ತದೆ. ಹಗಲಲ್ಲಿ ಹತ್ತಿರದ ಆಕಾಶವಾಣಿ ಬಿಟ್ಟು ಇನ್ನೇನೂ ಸಿಗದ ಮೀಡಿಯಂ ವೇವ್‌ನಲ್ಲಿ ರಾತ್ರಿ ಎಲ್ಲೆಲ್ಲಿಯದೋ ಸ್ಟೇಷನ್‌ಗಳು ಒಂದರ ಮೇಲೊಂದು ಬೀಳುತ್ತಿದ್ದವು. ಧಾರವಾಡದ 765 ಕಿಲೋಹರ್ಟ್ಸ್ ರಾತ್ರಿ ಬಲುದೂರ ಹೋಗುವುದೂ ಇದೇ ಕಾರಣಕ್ಕೆ.

ಸೌರಜ್ವಾಲೆ ಸಿಡಿದಾಗ ಎಕ್ಸ್‌ರೇ ಕಿರಣಗಳು ಹತ್ತಾರು, ನೂರಾರು ಪಟ್ಟು ಹೆಚ್ಚಾಗುತ್ತವೆ. ಅವು ಎಫ್ ಪದರದಲ್ಲಿ ನಿಲ್ಲದೆ ನೇರ ಡಿ ಪದರದವರೆಗೆ ತೂರಿಬಂದು ಅಲ್ಲಿ ಎಲೆಕ್ಟ್ರಾನುಗಳನ್ನು ತುಂಬಿಬಿಡುತ್ತವೆ. ಕೆಲವೇ ನಿಮಿಷಗಳಲ್ಲಿ ಅಲೆ ಹೀರುವ ದಪ್ಪ ಪದರ ತಯಾರು. ಎಫ್ ಪದರ ತನ್ನ ಕೆಲಸಕ್ಕೆ ಸಿದ್ಧವಾಗೇ ಇರುತ್ತದೆ, ಪಾಪ. ಅಲೆ ಅಲ್ಲಿಗೆ ತಲುಪಿದರೆ ತಾನೇ? ಹೀಗೆ ಶಾರ್ಟ್‌ವೇವ್ ಇದ್ದಕ್ಕಿದ್ದಂತೆ ಅಡಗುವುದಕ್ಕೂ ಸೂರ್ಯನ ಮೇಲಿನ ಜ್ವಾಲೆಗೂ ನಂಟಿದೆ ಎಂದು 1935ರಲ್ಲಿ ಅಮೆರಿಕದ ಡೆಲಿಂಜರ್ ತೋರಿಸಿಕೊಟ್ಟರು. ಈಗಲೂ ಅದಕ್ಕೆ ಡೆಲಿಂಜರ್ ಪರಿಣಾಮ ಎಂಬ ಹೆಸರಿದೆ. ಜರ್ಮನಿಯ ಮೋಗೆಲ್ ಅದಕ್ಕೂ ಮುಂಚೆ ಗಮನಿಸಿದ್ದರು, ಹೆಸರು ಮಾತ್ರ ಹೆಚ್ಚಾಗಿ ಡೆಲಿಂಜರ್ ಪಾಲಾಯಿತು.

ಒಂದು ಮಾತು ನೆನಪಿಡಬೇಕು. ಈ ಹೀರಿಕೆ ಎಲ್ಲ ಆವರ್ತನಗಳಿಗೂ ಒಂದೇ ಅಲ್ಲ. ಸ್ಥೂಲವಾಗಿ ಹೇಳುವುದಾದರೆ ಆವರ್ತನ ಅರ್ಧಕ್ಕಿಳಿದರೆ ಡೆಸಿಬೆಲ್ ನಷ್ಟ ನಾಲ್ಕು ಪಟ್ಟಾಗುತ್ತದೆ. 14 ಮೆಗಾಹರ್ಟ್ಸ್‌ನಲ್ಲಿ 10 ಡೆಸಿಬೆಲ್ ಹೋದರೆ 7ರಲ್ಲಿ 40. ಹತ್ತು ಡೆಸಿಬೆಲ್ ಹೋದರೆ ಮಾತು ಕ್ಷೀಣವಾಗಿಯಾದರೂ ಕೇಳಬಹುದು. ನಲವತ್ತು ಹೋದರೆ ಹತ್ತು ಸಾವಿರದಲ್ಲಿ ಒಂದು ಪಾಲು ಉಳಿಯಿತು ಎಂದರ್ಥ, ಅದು ಗದ್ದಲದ ಕೆಳಗೆ ಹೂತುಹೋಗುತ್ತದೆ.

ಗಡಿಯಾರ ಪಕ್ಕಕ್ಕಿಟ್ಟುಕೊಂಡು

ಈಗ ಆ ದಿನಕ್ಕೆ ಬರೋಣ. ಕೆಳಗಿನ ವೇಳೆಯೆಲ್ಲ ಅಲ್ಲಿನ ಸ್ಥಳೀಯ ವೇಳೆ, ಗ್ರೀನಿಚ್‌ಗಿಂತ ನಾಲ್ಕು ಗಂಟೆ ಹಿಂದೆ.

ಬಾರ್ಬುಡಾಕ್ಕೆ ಇರ್ಮಾದ ಕಣ್ಣು ಬಂದದ್ದು ನಡುರಾತ್ರಿ ದಾಟಿ 1:45ಕ್ಕೆ. ಆಮೇಲೆ ದ್ವೀಪದಿಂದ ಗಂಟೆಗಟ್ಟಲೆ ಸುದ್ದಿ ಇಲ್ಲ. ಅಲ್ಲಿನ ಬಹುಪಾಲು ಕಟ್ಟಡಗಳು ಹಾಳಾಗಿದ್ದವು, ಮೊಬೈಲ್ ಟವರ್ ಮುರಿದುಬಿದ್ದಿತ್ತು. ಆಂಟಿಗುವಾ-ಬಾರ್ಬುಡಾದ ಪ್ರಧಾನಿ ಗ್ಯಾಸ್ಟನ್ ಬ್ರೌನ್ ಹೆಲಿಕಾಪ್ಟರ್‌ನಲ್ಲಿ ಹೋಗಿ ನೋಡಿದ ಮೇಲೆಯೇ ಹೊರಜಗತ್ತಿಗೆ ಹಾನಿಯ ಅಳತೆ ಗೊತ್ತಾಯಿತು. ಈ ಮೌನಕ್ಕೂ ಸೂರ್ಯನಿಗೂ ತಳುಕು ಹಾಕುವವರಿದ್ದಾರೆ. ಆದರೆ 1:45ರ ರಾತ್ರಿಯಲ್ಲಿ ಡಿ ಪದರ ಎಲ್ಲಿಂದ ಬರಬೇಕು? ಬಾರ್ಬುಡಾದ ಮಾತು ನಿಲ್ಲಿಸಿದ್ದು ಗಾಳಿ.

ಆ ದಿನದ ಮೊದಲ ದೊಡ್ಡ ಜ್ವಾಲೆ ಎಕ್ಸ್2.2 (ಎಕ್ಸ್ ಅಂದರೆ ಜ್ವಾಲೆಗಳಲ್ಲಿ ಅತಿ ದೊಡ್ಡ ದರ್ಜೆ, ಪಕ್ಕದ ಸಂಖ್ಯೆ ಹೆಚ್ಚಿದಷ್ಟೂ ಜ್ವಾಲೆ ಜೋರು), ತುತ್ತತುದಿಗೇರಿದ್ದು ಬೆಳಗಿನ ಜಾವ 5:10ಕ್ಕೆ. ಆಗಲೂ ಆ ದ್ವೀಪಗಳಲ್ಲಿ ಸೂರ್ಯ ಹುಟ್ಟಿರಲಿಲ್ಲ. ಎಕ್ಸ್‌ರೇ ಹೊಡೆತ ಬಿದ್ದದ್ದು ಆಫ್ರಿಕಾ, ಯುರೋಪ್ ಮತ್ತು ನಮ್ಮ ಮೇಲೆ. ನಮಗಾಗ ಮಧ್ಯಾಹ್ನ 2:40. ಕೆರಿಬಿಯನ್ ಕತೆಯಲ್ಲಿ ಈ ಜ್ವಾಲೆಯನ್ನೂ ಸೇರಿಸಿ ಹೇಳುವುದು ಲೆಕ್ಕ ತಪ್ಪಿಸುವ ಕೆಲಸ.

ಸೇಂಟ್ ಮಾರ್ಟಿನ್ ಮೇಲೆ ಕಣ್ಣು ಹಾದದ್ದು 7:15ಕ್ಕೆ. ಎಕ್ಸ್9.3 ಜ್ವಾಲೆ ಶುರುವಾದದ್ದು 7:53ಕ್ಕೆ, ತುದಿ ಮುಟ್ಟಿದ್ದು 8:02ಕ್ಕೆ. ಒಂಬತ್ತು ನಿಮಿಷದ ಏರಿಕೆ. ಬಿರುಗಾಳಿ ಇನ್ನೂ ದ್ವೀಪದ ಮೇಲೇ ಇತ್ತು. ಈ ಒಂದು ಕ್ಷಣದಲ್ಲಿ ಎರಡೂ ನಿಜವಾಗಿ ಒಟ್ಟಿಗೆ ಬಂದವು.

ಆದರೂ ಇನ್ನೊಂದು ಪ್ರಶ್ನೆ ಕೇಳಬೇಕು. ಸೂರ್ಯ ಎಷ್ಟು ಎತ್ತರದಲ್ಲಿದ್ದ? ಬೆಳಗ್ಗೆ ಎಂಟಕ್ಕೆ ಅಲ್ಲಿ ಅವನು ದಿಗಂತದಿಂದ ಸುಮಾರು 28 ಡಿಗ್ರಿ ಮೇಲಿದ್ದ. ನೆತ್ತಿಯ ಮೇಲಿದ್ದದ್ದು ಆಫ್ರಿಕಾದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯ ಆಸುಪಾಸಿನಲ್ಲಿ. ಓರೆಯಾಗಿ ಬೀಳುವ ಎಕ್ಸ್‌ರೇ ಡಿ ಪದರವನ್ನು ಅಷ್ಟು ದಪ್ಪ ಮಾಡುವುದಿಲ್ಲ. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ, ಅಂದರೆ ನೋವಾ, ಇದಕ್ಕೊಂದು ಸರಳ ಸೂತ್ರ ಇಟ್ಟುಕೊಂಡಿದೆ. ಎಕ್ಸ್‌ರೇ ಪ್ರಮಾಣ ಮತ್ತು ಸೂರ್ಯನ ಕೋನ ಕೊಟ್ಟರೆ ಪೆಟ್ಟು ಎಷ್ಟು ಮೆಗಾಹರ್ಟ್ಸ್‌ವರೆಗೆ ತಟ್ಟುತ್ತದೆ ಎಂದು ಹೇಳುತ್ತದೆ. ಆ ಲೆಕ್ಕ ಹಾಕಿದರೆ 8:02ಕ್ಕೆ ಗಿನಿ ಕೊಲ್ಲಿಯ ಮೇಲೆ ಸುಮಾರು 35 ಮೆಗಾಹರ್ಟ್ಸ್, ಸೇಂಟ್ ಮಾರ್ಟಿನ್ ಮೇಲೆ ಸುಮಾರು 20. ಇದು ಆ ಜಾಗದ ನೆತ್ತಿಯ ಆಕಾಶಕ್ಕೆ ಸಂಬಂಧಿಸಿದ ಅಂದಾಜು. ಓರೆಯಾಗಿ, ಎರಡು ಮೂರು ಜಿಗಿತದಲ್ಲಿ ಹೋಗುವ ಅಲೆಗೆ ನಷ್ಟ ಇನ್ನೂ ಜಾಸ್ತಿ, ಯಾಕೆಂದರೆ ಪ್ರತಿ ಜಿಗಿತಕ್ಕೂ ಡಿ ಪದರವನ್ನು ಎರಡೆರಡು ಸಲ ದಾಟಬೇಕು. ಪೂರ್ವಕ್ಕೆ, ಅಂದರೆ ಅಟ್ಲಾಂಟಿಕ್ ಕಡೆಗೆ ಹೋಗುವ ದಾರಿಗಳಿಗೆ ಹೆಚ್ಚು ಏಟು. ಪಶ್ಚಿಮಕ್ಕೆ, ಟೆಕ್ಸಾಸ್ ಕಡೆಗೆ ಹೋಗುವ ದಾರಿಯಲ್ಲಿ ಆಗಿನ್ನೂ ಸೂರ್ಯ ಹುಟ್ಟುವ ಹೊತ್ತು.

ಸೆಪ್ಟೆಂಬರ್ 6ರಂದು ವಿಮಾನ, ಹಡಗು, ಹ್ಯಾಮ್ ಮತ್ತು ತುರ್ತು ಸೇವೆಗಳ ಶಾರ್ಟ್‌ವೇವ್ ಎಂಟು ಗಂಟೆಗಳವರೆಗೆ ಸಿಗಲಿಲ್ಲ ಎಂದು ನೋವಾ ವರದಿ ಮಾಡಿತು. ಇಲ್ಲಿ 'ವರೆಗೆ' ಎಂಬುದು ಮುಖ್ಯ. ಎಲ್ಲ ಆವರ್ತನವೂ ಎಲ್ಲ ಕಡೆಯೂ ಎಂಟು ಗಂಟೆ ಸತ್ತಿತ್ತು ಅಂತ ನಾನು ಓದಿಕೊಳ್ಳುವುದಿಲ್ಲ. ದೊಡ್ಡ ಜ್ವಾಲೆಯ ಎಕ್ಸ್‌ರೇ ಇಳಿಯುತ್ತಿದ್ದಾಗಲೇ ಸಣ್ಣ ಜ್ವಾಲೆಗಳೂ ಬರುತ್ತಿದ್ದವು, ಸೂರ್ಯನೂ ನೆತ್ತಿಯತ್ತ ಏರುತ್ತಿದ್ದ. ಕೆಳಗಿನ ಬ್ಯಾಂಡ್‌ಗಳು ಬೇಗ ಹೋಗಿ ತಡವಾಗಿ ಬಂದವು, ಮೇಲಿನವು ಬೇಗ ಚೇತರಿಸಿಕೊಂಡವು ಎಂಬುದು ಹೆಚ್ಚು ಸರಿಯಾದ ಚಿತ್ರ.

ಪಕ್ಕದ ಊರಿಗೇ ಕಷ್ಟ

ಈ ಪ್ರಕರಣದಲ್ಲಿ ನನಗೆ ತುಂಬ ಮುಖ್ಯ ಅನ್ನಿಸಿದ್ದು ಇದು, ಹೆಚ್ಚು ಚರ್ಚೆಯಾಗದ್ದೂ ಇದೇ.

ಜ್ವಾಲೆ ಬಡಿದಾಗ ಅನುಭವಿ ಆಪರೇಟರ್ ಏನು ಮಾಡುತ್ತಾನೆ? 7 ಮೆಗಾಹರ್ಟ್ಸ್ ಹೋಯಿತಾ, 14ಕ್ಕೆ ಏರು. ಅದೂ ಹೋಯಿತಾ, 18, 21ಕ್ಕೆ ಏರು. ಹೀರಿಕೆ ಮೇಲೆ ಹೋದಷ್ಟೂ ಕಡಿಮೆ. ದೂರದ ಮಯಾಮಿಯ ಜತೆ ಮಾತಾಡುವವರಿಗೆ ಈ ಉಪಾಯ ಸ್ವಲ್ಪಮಟ್ಟಿಗೆ ನಡೆಯುತ್ತದೆ. ಆದರೆ ಎಫ್ ಪದರಕ್ಕೂ ಒಂದು ಮಿತಿ ಇದೆ. ತೀರ ಹೆಚ್ಚಿನ ಆವರ್ತನವನ್ನು ಅದು ಬಾಗಿಸಲಾರದೆ ಬಾಹ್ಯಾಕಾಶಕ್ಕೆ ಬಿಟ್ಟುಬಿಡುತ್ತದೆ. ಸೂರ್ಯನ ಚಟುವಟಿಕೆ ಚಕ್ರದಂತೆ ಏರಿ ಇಳಿಯುತ್ತದೆ; 2017 ಅದರ 24ನೇ ಚಕ್ರದ ಇಳಿಗಾಲ, ಎಫ್ ಪದರದ ಬಲವೂ ಕಡಿಮೆ. ಬೆಳಗ್ಗೆ ಎಂಟಕ್ಕೆ ಮೇಲಿನ ಬ್ಯಾಂಡ್‌ಗಳನ್ನು ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಕೆಳಗಿನಿಂದ ಡಿ ಪದರದ ನೆಲ ಏರುತ್ತಿದೆ, ಮೇಲಿನ ಎಫ್ ಪದರದ ಚಾವಣಿ ಇದ್ದಲ್ಲೇ ಇದೆ. ನಡುವೆ ಬಳಸಲು ಸಿಗುವ ಆವರ್ತನಗಳ ಜಾಗ ಕಿರಿದಾಗುತ್ತ ಹೋಗಿ ಕೊನೆಗೆ ಮುಚ್ಚಿಕೊಳ್ಳುತ್ತದೆ.

ಹತ್ತಿರದವರ ಜತೆ ಮಾತಾಡಬೇಕಾದವನ ಸ್ಥಿತಿ ಇನ್ನೂ ಕಷ್ಟ. ಬಾರ್ಬುಡಾದಿಂದ ಆಂಟಿಗುವಾಕ್ಕೆ ಸುಮಾರು 60 ಕಿಲೋಮೀಟರ್. ಅಷ್ಟು ಹತ್ತಿರಕ್ಕೆ ಶಾರ್ಟ್‌ವೇವ್ ಕಳಿಸಬೇಕಾದರೆ ಅಲೆಯನ್ನು ಹೆಚ್ಚುಕಡಿಮೆ ನೇರ ಮೇಲಕ್ಕೆ ಎಸೆದು ನೇರ ಕೆಳಕ್ಕೆ ಬೀಳಿಸಿಕೊಳ್ಳಬೇಕು. ನೇರ ಏರುವ ಅಲೆಯನ್ನು ಹಿಂದಿರುಗಿಸುವುದು ಎಫ್ ಪದರಕ್ಕೆ ಕಷ್ಟ. ಅದಕ್ಕೆ 14 ಮೆಗಾಹರ್ಟ್ಸ್ ಆಗುವುದಿಲ್ಲ, 3.5ರಿಂದ 7ರ ಆಸುಪಾಸಿನವೇ ಬೇಕು. ಅಂದರೆ ಜ್ವಾಲೆ ಮೊದಲು ನುಂಗುವ ಬ್ಯಾಂಡ್‌ಗಳೇ ಬೇಕು. ಏರಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಎರಡು ಸಾವಿರ ಕಿಲೋಮೀಟರ್ ಆಚೆಯವನಿಗೆ ಮಾತು ಕೇಳಿ, ಪಕ್ಕದ ದ್ವೀಪದವನಿಗೆ ಕೇಳದಿರಬಹುದು!

ಸಮುದ್ರದ ಮೇಲೆ 60 ಕಿಲೋಮೀಟರನ್ನು ವಿಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್‌ಗಿಂತ ಮೇಲಿನ ಆವರ್ತನಗಳಲ್ಲಿ) ದಾಟಬಹುದಲ್ವಾ, ಎತ್ತರದ ಗುಡ್ಡದ ಮೇಲೊಂದು ರಿಪೀಟರ್, ಅಂದರೆ ಬಂದ ಮಾತನ್ನು ಹಿಡಿದು ಮುಂದಕ್ಕೆ ಕಳಿಸುವ ಸೆಟ್, ಇಟ್ಟು? ಖಂಡಿತ ದಾಟಬಹುದು. ಜ್ವಾಲೆ ಅದನ್ನು ಮುಟ್ಟುವುದೂ ಇಲ್ಲ. ಆದರೆ ರಿಪೀಟರ್ ಇರುವುದು ಗುಡ್ಡದ ತುದಿಯ ಕಂಬದಲ್ಲಿ, ಚಂಡಮಾರುತ ಮೊದಲು ಕೈಹಾಕುವುದೂ ಅಲ್ಲಿಗೇ. ಗಾಳಿಗೆ ಬೀಳದ್ದು ಸೂರ್ಯನಿಗೆ ಬೀಳುತ್ತದೆ, ಸೂರ್ಯನಿಗೆ ಬೀಳದ್ದು ಗಾಳಿಗೆ.

ಸ್ಯಾಟಲೈಟ್ ಫೋನ್‌ಗಳು ಈ ಎರಡರ ನಡುವೆ ನುಸುಳಿಕೊಳ್ಳುತ್ತವೆ. ಇರಿಡಿಯಂನಂಥವು 1.6 ಗಿಗಾಹರ್ಟ್ಸ್ ಸುತ್ತ ಕೆಲಸ ಮಾಡುತ್ತವೆ. ಮಳೆ ತಡೆಯದಷ್ಟು ಕೆಳಗೆ, ಡಿ ಪದರ ಹೀರದಷ್ಟು ಮೇಲೆ. ಅದು ಎಷ್ಟು ಜನರ ಕೈಯಲ್ಲಿತ್ತು, ಚಾರ್ಜ್ ಇತ್ತಾ ಎಂಬುದು ಬೇರೆ ಮಾತು.

ಗಯಾನಾ ಕಡಲ ಮೇಲಿನ ವಿಮಾನ

ಅಂದು ದಾಖಲಾದ ಸ್ಪಷ್ಟವಾದ ಘಟನೆ ನಡೆದದ್ದು ಇರ್ಮಾದಿಂದ ದೂರದಲ್ಲಿ. ಬ್ರೆಜಿಲ್ ಮತ್ತು ಫ್ರೆಂಚ್ ಗಯಾನಾ ಕರಾವಳಿಯಾಚೆ ಹಾರುತ್ತಿದ್ದ ಒಂದು ವಿಮಾನದ ಜತೆ ಶಾರ್ಟ್‌ವೇವ್ ಸಂಪರ್ಕ ಸುಮಾರು 90 ನಿಮಿಷ ಕಡಿದುಹೋಯಿತು ಎಂದು ಫ್ರಾನ್ಸಿನ ನಾಗರಿಕ ವಿಮಾನಯಾನ ಇಲಾಖೆ ತಿಳಿಸಿತು. ವಿಮಾನ ಎಲ್ಲಿದೆ ಗೊತ್ತಾಗದೆ ನಿಯಮದ ಪ್ರಕಾರ ಎಚ್ಚರಿಕೆಯ ಹಂತ ಘೋಷಿಸಿದರು. ಕೊನೆಗೆ ನ್ಯೂಯಾರ್ಕ್ ರೇಡಿಯೊ ಎಂಬ ವಿಮಾನ ಸಂಪರ್ಕ ಕೇಂದ್ರದ ಮೂಲಕ ಅದರ ಸ್ಥಾನ ತಿಳಿಯಿತು.

ಸಾಗರದ ನಡುವೆ ರಾಡಾರ್ ಇಲ್ಲ. ಹೊಸ ವಿಮಾನಗಳು ಉಪಗ್ರಹದ ಮೂಲಕ ಸಂದೇಶ ಕಳಿಸುತ್ತವೆ, ಜ್ವಾಲೆಗೆ ಅವು ಜಗ್ಗುವುದಿಲ್ಲ. ಈ ವಿಮಾನದಲ್ಲಿ ಆ ಡೇಟಾ ಸೌಕರ್ಯ ಇರಲಿಲ್ಲ, ಶಾರ್ಟ್‌ವೇವ್ ಒಂದೇ ಗತಿ. ಅದೇ ಆಕಾಶದಲ್ಲಿ ಅದೇ ಹೊತ್ತಿನಲ್ಲಿ ಹಾರುತ್ತಿದ್ದ ಡೇಟಾ ಲಿಂಕ್ ಇದ್ದ ವಿಮಾನಗಳಿಗೆ ಇಂಥ ತೊಂದರೆ ಆಗುವುದಿಲ್ಲ. ಜಾಗವನ್ನೂ ಗಮನಿಸಿ. ಗಯಾನಾ ಕರಾವಳಿ ಸೇಂಟ್ ಮಾರ್ಟಿನ್‌ಗಿಂತ ಪೂರ್ವಕ್ಕಿದೆ, ಸಮಭಾಜಕಕ್ಕೂ ಹತ್ತಿರ. ಅಲ್ಲಿ ಸೂರ್ಯ ಇನ್ನಷ್ಟು ಮೇಲಿದ್ದ. ಗಿನಿ ಕೊಲ್ಲಿಯತ್ತ ಸರಿದಷ್ಟೂ ಪೆಟ್ಟು ಜೋರು ಎಂಬ ಮೇಲಿನ ಲೆಕ್ಕಕ್ಕೆ ಇದು ಹೊಂದುತ್ತದೆ.

ಚಿಕ್ಕ ಜ್ವಾಲೆ, ದೊಡ್ಡ ಪೆಟ್ಟು

ಈ ಜ್ವಾಲೆಗಳು ಸಿಡಿದದ್ದು ಎಆರ್ 2673 ಎಂಬ ಸೂರ್ಯಕಲೆಗಳ (ಸೂರ್ಯನ ಮೇಲಿನ ಕಪ್ಪು ಮಚ್ಚೆಗಳ) ಗುಂಪಿನಿಂದ. ಅದು ವಾರಪೂರ್ತಿ ತಣ್ಣಗಾಗಲಿಲ್ಲ. 6ರ ಜ್ವಾಲೆಯ ಜತೆ ಹೊರಟ ಪ್ಲಾಸ್ಮಾದ ಮೋಡ ಸುಮಾರು ಒಂದೂವರೆ ದಿನದಲ್ಲಿ ಭೂಮಿ ಮುಟ್ಟಿ 7-8ರಂದು ಜಿ4 ದರ್ಜೆಯ (ಐದರಲ್ಲಿ ನಾಲ್ಕನೆಯ) ಕಾಂತಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದಲ್ಲಿ ಕಲಕಾಟ, ಎಬ್ಬಿಸಿತು. ಇದರ ಸ್ವಭಾವ ಜ್ವಾಲೆಗೆ ತದ್ವಿರುದ್ಧ. ಎಫ್ ಪದರವೇ ಕೆಡುವುದರಿಂದ ಮೇಲಿನ ಆವರ್ತನಗಳು ಮೊದಲು ಹೋಗುತ್ತವೆ, ಆಪರೇಟರ್ ಕೆಳಗಿಳಿಯಬೇಕು. 6ರ ಬುಧವಾರ ಮೇಲಕ್ಕೆ ಏರು, 8ರ ಶುಕ್ರವಾರ ಕೆಳಗಿಳಿ. 'ಸೂರ್ಯನ ಗಲಾಟೆ' ಎಂದು ಒಂದೇ ಮಾತಲ್ಲಿ ಹೇಳಿ ಎರಡಕ್ಕೂ ಒಂದೇ ಮದ್ದು ಹುಡುಕಿದವನು ತಪ್ಪು ಬ್ಯಾಂಡಿನಲ್ಲಿ ಸುಮ್ನೆ ಕೂಗುತ್ತಿರಬೇಕಾಗುತ್ತದೆ.

ಸೆಪ್ಟೆಂಬರ್ 10, ಭಾನುವಾರ. ಇರ್ಮಾ ಫ್ಲಾರಿಡಾ ಮುಟ್ಟಿತ್ತು. ಅಲ್ಲಿನ ವೇಳೆ ಬೆಳಗ್ಗೆ 9:10ಕ್ಕೆ ಕಜೋ ಕೀ ಎಂಬ ಸಣ್ಣ ದ್ವೀಪದ ಮೇಲೆ, ಮಧ್ಯಾಹ್ನ 3:35ಕ್ಕೆ ಮಾರ್ಕೊ ಐಲ್ಯಾಂಡ್ ಮೇಲೆ. ಈ ಎರಡರ ನಡುವೆ, 12:06ಕ್ಕೆ ಎಕ್ಸ್8.2 ಜ್ವಾಲೆ. ಸಂಖ್ಯೆಯಲ್ಲಿ ಬುಧವಾರದ್ದಕ್ಕಿಂತ ಚಿಕ್ಕದು. ಆದರೆ ಆಗ ಸೂರ್ಯ ಬಾರ್ಬುಡಾ, ಆಂಟಿಗುವಾಗಳ ರೇಖಾಂಶದ ಮೇಲೇ ಇದ್ದ. ಅಲ್ಲಿ ಅವನು ನೆತ್ತಿಗೆ ಬಲು ಹತ್ತಿರ. ಅದೇ ನೋವಾ ಸೂತ್ರ ಹಾಕಿದರೆ ಪೆಟ್ಟು ತಟ್ಟುವ ಮಿತಿ ಸುಮಾರು 33 ಮೆಗಾಹರ್ಟ್ಸ್‌ವರೆಗೆ ಏರುತ್ತದೆ, ಬುಧವಾರ ಅಲ್ಲಿ 20 ಇತ್ತು. ಶಾರ್ಟ್‌ವೇವ್‌ನ ಅಷ್ಟೂ ಹರವು ಅದರೊಳಗೆ ಬಂತು. ಅಂದು ಸುಮಾರು ಮೂರು ಗಂಟೆ ಸಂಪರ್ಕ ಹೋಗಿತ್ತು.

ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ಬುಧವಾರದ ಜ್ವಾಲೆ, ಅದು ದಶಕದಲ್ಲೇ ದೊಡ್ಡದಾದ್ದರಿಂದ. ಕೆರಿಬಿಯನ್ ಆಕಾಶಕ್ಕೆ ಗಟ್ಟಿ ಬೀಗ ಬಿದ್ದದ್ದು ಭಾನುವಾರ ಎಂಬುದು ನನ್ನ ಲೆಕ್ಕ. ಜ್ವಾಲೆಯ ದರ್ಜೆ ನೋಡಿ ಹೆದರುವ ಮೊದಲು ನಮ್ಮಲ್ಲಿ ಗಂಟೆ ಎಷ್ಟಾಗಿದೆ ಅಂತ ನೋಡಬೇಕು.

ಮುಂಚೆ ತಿಳಿಯುವುದು ಸಾಧ್ಯವಾ?

ಚಂಡಮಾರುತದ ದಾರಿಯನ್ನು ದಿನಗಟ್ಟಲೆ ಮುಂಚೆ ಹೇಳುತ್ತಾರೆ. ಜ್ವಾಲೆಗೆ ಅಂಥ ಅನುಕೂಲ ಇಲ್ಲ. ಎಕ್ಸ್‌ರೇ ಬೆಳಕಿನ ವೇಗದಲ್ಲೇ ಬರುತ್ತದೆ, ಸೂರ್ಯನಿಂದ ಇಲ್ಲಿಗೆ 8 ನಿಮಿಷ 20 ಸೆಕೆಂಡ್. ಜ್ವಾಲೆ ಕಂಡ ಕ್ಷಣವೇ ಪೆಟ್ಟೂ ಬಿದ್ದಿರುತ್ತದೆ.

ಇಸ್ರೊದ ಆದಿತ್ಯ-ಎಲ್1 ಈಗ ಸೂರ್ಯನನ್ನು ನೋಡುತ್ತಿದೆಯಲ್ಲ, ಅದರಿಂದ ಮುಂಚೆ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. 2023ರ ಸೆಪ್ಟೆಂಬರ್ 2ರಂದು ಹಾರಿದ ಆ ನೌಕೆಯಲ್ಲಿ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವರು ಮಾಡಿದ ಎಕ್ಸ್‌ರೇ ಉಪಕರಣಗಳೂ ಇವೆ. ಅದು ನಮ್ಮಿಂದ 15 ಲಕ್ಷ ಕಿಲೋಮೀಟರ್ ಮುಂದೆ ನಿಂತಿದೆ, ಎಕ್ಸ್‌ರೇ ಅದನ್ನು ನಮಗಿಂತ 5 ಸೆಕೆಂಡ್ ಮುಂಚೆ ಮುಟ್ಟುತ್ತದೆ. ಆದರೆ ನೌಕೆ ಕಳಿಸುವ ರೇಡಿಯೊ ಸಂದೇಶಕ್ಕೂ ಇಲ್ಲಿಗೆ ಬರಲು ಅದೇ 5 ಸೆಕೆಂಡ್ ಬೇಕು. ಲಾಭ ಸೊನ್ನೆ. ನಿಧಾನಕ್ಕೆ ಬರುವ ಪ್ಲಾಸ್ಮಾ ಮೋಡದ ವಿಷಯದಲ್ಲಿ ಮಾತ್ರ ಅಲ್ಲಿ ನಿಂತು ನೋಡುವುದು ಎಚ್ಚರಿಕೆಗೆ ನೆರವಾಗುತ್ತದೆ. ಜ್ವಾಲೆಯ ಬಗ್ಗೆ ಹೇಳಬಹುದಾದದ್ದು ಇಷ್ಟು: ಸೂರ್ಯಕಲೆಗಳ ಗುಂಪು ಬೇಗ ಬೆಳೆದು ಸಿಕ್ಕುಸಿಕ್ಕಾಗಿದೆ, ಇನ್ನೆರಡು ದಿನ ಸಿಡಿಯುವ ಸಾಧ್ಯತೆ ಹೆಚ್ಚು. ಎಆರ್ 2673 ಕೂಡ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಹಾಗೇ ದಿಢೀರ್ ಬೆಳೆದಿತ್ತು.

ಜ್ವಾಲೆಯನ್ನು ತಡೆಯಲು ಬರುವುದಿಲ್ಲ. ಬಿದ್ದ ಪೆಟ್ಟು ಎಲ್ಲಿ, ಎಷ್ಟು, ಯಾವ ಆವರ್ತನದವರೆಗೆ ಎಂದು ಬೇಗ ತಿಳಿಸಬಹುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2019ರ ನವೆಂಬರ್‌ನಲ್ಲಿ ಬಾಹ್ಯಾಕಾಶ ಹವಾಮಾನದ ಸಲಹೆ ಕೊಡುವ ಜಾಗತಿಕ ವ್ಯವಸ್ಥೆ ಶುರುಮಾಡಿತು. ಅಮೆರಿಕದ ಒಂದು ಕೇಂದ್ರ, ಯುರೋಪಿನ ದೇಶಗಳ ಒಂದು ಕೂಟ, ಆಸ್ಟ್ರೇಲಿಯಾ-ಕೆನಡಾ-ಫ್ರಾನ್ಸ್-ಜಪಾನ್ ಸೇರಿದ ಇನ್ನೊಂದು ಕೂಟ ಮೊದಲಿಗೆ ಇದನ್ನು ಹೊತ್ತವು. ಶಾರ್ಟ್‌ವೇವ್ ಕೆಟ್ಟಿದ್ದರೆ ಸಾಧಾರಣವೋ ತೀವ್ರವೋ ಎಂಬ ದರ್ಜೆಯ ಜತೆ, ಭೂಮಿಯ ಯಾವ ಭಾಗದಲ್ಲಿ ಎಂದು ಹೇಳುವ ಸೂಚನೆ ವಿಮಾನ ಸಂಸ್ಥೆಗಳಿಗೆ ಹೋಗುತ್ತದೆ. ಗಯಾನಾ ಕರಾವಳಿಯ ಮೇಲೆ 90 ನಿಮಿಷ ಉತ್ತರ ಸಿಗದೆ ಕಾದವರ ಕೈಗೆ 2017ರಲ್ಲೇ ಇಂಥದ್ದೊಂದು ಸೂಚನೆ ಸಿಕ್ಕಿದ್ದರೆ ವಿಮಾನದ ಸದ್ದು ಬೇಗ ಕೇಳುತ್ತಿರಲಿಲ್ಲ, ನಿಜ. ಕೆಟ್ಟಿರುವುದು ವಿಮಾನ ಅಲ್ಲ, ನಡುವಿನ ಆಕಾಶ ಎಂದಾದರೂ ಆಗಲೇ ಗೊತ್ತಿರುತ್ತಿತ್ತು.